ಒಂದೇ ಸಲ ಕೇಳುವುದು

ಫೋನ್ ಎತ್ತಿದ ಕೂಡಲೇ ನಾನು ಹೇಳುತ್ತಿದ್ದ ಮಾತುಗಳಿಗೆ ಒಂದು ಕ್ರಮವಿತ್ತು. ಫ್ಯಾನ್ ಆರಿಸಿ, ಚಳಿಗಾಲವಾದರೆ ಹೀಟರ್ ಆರಿಸಿ. ರೆಪ್ಪೆಗಳನ್ನು ಮೆಲ್ಲಗೆ ಮುಚ್ಚಿ. ಹತ್ತಿಯನ್ನು ಶುದ್ಧ ನೀರಿನಲ್ಲಿ ಅದ್ದಿ, ಹಿಂಡಿ, ರೆಪ್ಪೆಗಳ ಮೇಲಿಡಿ. ತಲೆಯ ಕೆಳಗೊಂದು ದಿಂಬು ಕೊಡಿ. ಡಾಕ್ಟರರನ್ನು ಕರೆಸಿ ಸಾವನ್ನು ಖಚಿತಪಡಿಸಿ ಬರೆಸಿಕೊಳ್ಳಿ. ನಾವು ಹೊರಟಿದ್ದೇವೆ. ಸಮಾಧಾನದ ಮಾತು ಇದೆಲ್ಲ ಆದ ಮೇಲೆ, ಸಮಯವಿದ್ದರೆ.

ಹೊರಗಿನವರಿಗೆ ಇದು ಬಿರುಸಾಗಿ ಕೇಳಿಸುತ್ತದೆ. ಆದರೆ ತೀರಿಕೊಂಡವರ ಕಣ್ಣನ್ನು ಆರು ಗಂಟೆಯೊಳಗೆ ತೆಗೆಯಬೇಕು. ಅಷ್ಟರೊಳಗೂ ಗಾಳಿ, ಬಿಸಿ ತಗುಲಿದರೆ ಕಣ್ಣಿನ ಮುಂಭಾಗದ ತೆಳುಪೊರೆ ಒಣಗುತ್ತದೆ. ಇನ್ನೊಬ್ಬರಿಗೆ ಬೇಕಾದದ್ದು ಆ ಪೊರೆಯೇ. ಸೇನೆಯ ಆಸ್ಪತ್ರೆಗಳಲ್ಲಿ ದಾದಿಯಾಗಿ, ಕೊನೆಗೆ ಮೇಟ್ರನ್ ಆಗಿ ದುಡಿದವಳಿಗೆ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಿವೃತ್ತಳಾಗಿ ನೋಯ್ಡಾದಲ್ಲಿ ನೆಲೆಸಿ, ದೆಹಲಿಯ ಆರ್.ಕೆ.ಪುರಂ ಬಡಾವಣೆಯ ಒಂದು ಸೇವಾ ಕ್ಲಬ್ಬನ್ನು ಸೇರಿದಾಗ ನೇತ್ರದಾನದ ಕೆಲಸ ತಾನಾಗಿಯೇ ನನ್ನ ಪಾಲಿಗೆ ಬಂತು.

ನನ್ನ ಜೊತೆಗಾರರು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಸೆಕ್ಷನ್ ಆಫೀಸರ್. ನಮ್ಮ ಕಡೆಯವರೇ, ಅದೇ ಬಡಾವಣೆಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ವಾಸ. ಅವರ ಹಳೆಯ ಮಾರುತಿ ವ್ಯಾನಿನಲ್ಲಿ ಆಸ್ಪತ್ರೆಯ ನೇತ್ರ ಬ್ಯಾಂಕಿನಿಂದ ಡಾಕ್ಟರರನ್ನು ಕರೆತರುವುದು, ಕಣ್ಣುಗಳನ್ನಿಡಲು ಮಂಜುಗಡ್ಡೆ ತುಂಬಿದ ಥರ್ಮಾಕೋಲ್ ಪೆಟ್ಟಿಗೆಯನ್ನು ತರುವುದು ಅವರ ಕೆಲಸ. ಕ್ಲಬ್ಬಿನಲ್ಲಿ ಎಲ್ಲರೂ ಅವರನ್ನು ‘ಪೆಟ್ಟಿಗೆಯವರು’ ಎನ್ನುತ್ತಿದ್ದರು. ಕೆಲಸ ಮುಗಿಸಿ ಹಿಂದಿರುಗುವಾಗ ಪೆಟ್ಟಿಗೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿ ಅದಕ್ಕೆ ಸೀಟ್ ಬೆಲ್ಟ್ ಕಟ್ಟುತ್ತಿದ್ದರು. ಡಾಕ್ಟರರು, ನಾನು ಹಿಂದಿನ ಸೀಟಿನಲ್ಲಿ.

“ನಮಗಿಬ್ಬರಿಗೆ ಬೆಲ್ಟ್ ಬೇಡವೇನ್ರೀ?” ಎಂದು ಒಮ್ಮೆ ಕೇಳಿದೆ.

“ನಿಮ್ಮಿಬ್ಬರ ಕಣ್ಣು ಇನ್ನೂ ನಿಮ್ಮ ಹತ್ತಿರವೇ ಇದೆಯಲ್ಲ ಮೇಡಂ, ನೋಡ್ಕೊಂಡು ಕೂತ್ಕೊಳ್ಳಿ,” ಎಂದರು.

ನಮ್ಮ ಕೆಲಸದ ಎರಡು ನಿಯಮಗಳನ್ನು ಮಾಡಿದವರು ಅವರು. ಅದಕ್ಕೆ ಕಾರಣ ದೆಹಲಿಯ ರೋಹಿಣಿ ಎಂಬ ಬಡಾವಣೆಯ ಒಂದು ಮನೆ. ಅಲ್ಲಿ ತೀರಿಕೊಂಡವರ ಮಗ ಮೊದಲು ಒಲ್ಲೆ ಎಂದರು. ನಾವು ಮತ್ತೆ ಕೇಳಿದೆವು, ನೆರೆಯವರಿಂದಲೂ ಹೇಳಿಸಿದೆವು. ಕಡೆಗೆ ಒಪ್ಪಿದರು. ಆದರೆ ಅಷ್ಟರಲ್ಲಿ ಮೆಟ್ಟಿಲ ಮೇಲೆ ತಂದಿಟ್ಟಿದ್ದ ಪೆಟ್ಟಿಗೆಯನ್ನು ಆ ಮನೆಯ ಅಜ್ಜಿ ನೋಡಿಬಿಟ್ಟಿದ್ದರು. “ಸಾಮಾನು ಕಟ್ಟಿಕೊಂಡೇ ಬಂದಿದ್ದೀರಲ್ಲ, ಇನ್ನು ಕೇಳುವುದೇನು ಬಂತು?” ಎಂದು ಅವರು ಹಿಂದಿಯಲ್ಲಿ ಕೇಳಿದ್ದು ವ್ಯಾನಿನ ತನಕ ನಮ್ಮ ಬೆನ್ನಿಗೆ ಬಂತು. ಆ ದಿನ ನನ್ನನ್ನು ಇಳಿಸುವಾಗ ಪೆಟ್ಟಿಗೆಯವರು ಹೇಳಿದರು:

“ಇನ್ನು ಮೇಲೆ ಮನೆಯವರು ಹೂಂ ಅನ್ನುವ ತನಕ ಪೆಟ್ಟಿಗೆ ವ್ಯಾನಿನಿಂದ ಇಳಿಯೋದಿಲ್ಲ. ಕೇಳೋದು ಒಂದೇ ಸಲ, ಮನೆಯ ಮುಖ್ಯಸ್ಥರನ್ನ. ಎರಡನೇ ಸಲ ಕೇಳಿದರೆ ಅದು ವಸೂಲಿ.”

ನನಗೆ ಒಪ್ಪಿಗೆಯಾಯಿತು. ಅಂದಿನಿಂದ ನಾವು ಹಾಗೆಯೇ ನಡೆದುಕೊಂಡೆವು. ಒಲ್ಲೆ ಎಂದವರ ಮನೆಯಲ್ಲಿ ನಾನು ಎದ್ದು ಹೊರಡುತ್ತಿರಲಿಲ್ಲ, ಸ್ವಲ್ಪ ಹೊತ್ತು ಕೂತಿರುತ್ತಿದ್ದೆ. ಸಿಗುವುದಿಲ್ಲವೆಂದು ಗೊತ್ತಾದೊಡನೆ ಎದ್ದುಬಿಟ್ಟರೆ ಚೆನ್ನಾಗಿರುವುದಿಲ್ಲ. ಹೂಂ ಎಂದ ಮನೆಯಲ್ಲಿ ಮಾತ್ರ ಕೂರಲು ಪುರಸೊತ್ತಿರುತ್ತಿರಲಿಲ್ಲ. ಇಬ್ಬರು ಸಾಕ್ಷಿಗಳನ್ನು ಗೊತ್ತುಮಾಡಬೇಕು, ಸಹಿ ಹಾಕಿಸಬೇಕು, ಕೋಣೆ ತೆರವು ಮಾಡಿಸಬೇಕು, ಡಾಕ್ಟರರಿಗೆ ಬೆಳಕು ಹಿಡಿಯಬೇಕು, ಕಣ್ಣು ತೆಗೆದ ಮೇಲೆ ರೆಪ್ಪೆಗಳು ಗುಳಿಬೀಳದಂತೆ ಒಳಗೆ ಹತ್ತಿ ಇಟ್ಟು ಮುಖ ಒರೆಸಿ ಮೊದಲಿನಂತೆ ಕಾಣುವ ಹಾಗೆ ಮಾಡಬೇಕು. ಆಮೇಲೆ ಕೈಮುಗಿದು ಹೊರಟರೆ ವ್ಯಾನಿನ ಬಾಗಿಲು ಹಾಕಿದ ಸದ್ದಷ್ಟೇ.

ಪೆಟ್ಟಿಗೆಯವರ ಹೆಂಡತಿ ನನಗಿಂತ ಬಹಳ ಚಿಕ್ಕವಳು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಕ್ಲಬ್ಬಿನ ಸಹಭೋಜನಕ್ಕೆ ಬಿಸಿಬೇಳೆಭಾತ್ ಮಾಡಿಕೊಂಡು ಬರುತ್ತಿದ್ದವಳು ಅವಳೇ. ಪಂಜಾಬಿನ ಸದಸ್ಯರು ಅದಕ್ಕೆ ‘ಕನ್ನಡ ಖಿಚಡಿ’ ಎಂದು ಹೆಸರಿಟ್ಟು ಪಾತ್ರೆ ಬಳಿಯುತ್ತಿದ್ದರು. ಎಲ್ಲರಿಗೂ ಬಡಿಸಿ ಕೊನೆಗೆ ಕೂತವಳಿಗೆ ನಾನು ಇನ್ನಷ್ಟು ಹಾಕಲು ಹೋದರೆ “ಬೇಡ ಅಕ್ಕಾ” ಎಂದು ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದಳು.

“ಅದು ಬರೀ ಮರ್ಯಾದೆಗೆ ಹೇಳಿದ ಬೇಡ, ಮೇಡಂ,” ಎಂದು ಗಂಡ ಪಕ್ಕದಿಂದ ಕೂಗುತ್ತಿದ್ದರು. “ನಮ್ಮನೆಯವಳಿಗೆ ಎರಡು ಸಲ ಕೇಳಬೇಕು. ಮದುವೆಗೂ ಎರಡು ಸಲ ಕೇಳಿಸಿಕೊಂಡವಳು!”

“ಮೂರನೇ ಸಲ ಕೇಳೋ ಹಾಗಿದ್ದರೆ ಚೆನ್ನಾಗಿರ್ತಿತ್ತು, ತಪ್ಪಿಸಿಕೊಳ್ತಿದ್ದೆ,” ಎಂದು ಅವಳು ನಕ್ಕು ಕೈ ತೆಗೆಯುತ್ತಿದ್ದಳು.

ಅದು ಜನವರಿ. ಕಿಟಕಿಯಾಚೆ ಎದುರಿನ ಕಟ್ಟಡವೂ ಕಾಣದಷ್ಟು ಮಂಜು. ನಾನು ಬೆಳಗಿನ ವ್ಯಾಯಾಮ ಮುಗಿಸಿ ಹಾಲು ಕಾಯಿಸುತ್ತಿದ್ದಾಗ ಫೋನ್ ಬಂತು.

“ಅಕ್ಕಾ, ಬನ್ನಿ. ಇವರು ಏಳ್ತಾ ಇಲ್ಲ. ಮೇಲಿನ ಮನೆ ಡಾಕ್ಟ್ರು ಬಂದು ನೋಡಿ, ಇಲ್ಲ, ಹೋಗಿ ಒಂದು ಗಂಟೆ ಆಗಿರಬೇಕು ಅಂದ್ರು.”

“ಹೀಟರ್ ಆರಿಸು,” ಎಂದೆ. “ರೆಪ್ಪೆ ಮುಚ್ಚು. ಹತ್ತಿ ಇದೆಯಾ ಮನೇಲಿ?”

ಆ ಕಡೆ ಕಪಾಟು ತೆರೆದ ಸದ್ದಾಯಿತು. ಆಮೇಲೆ “ಇದೆ” ಎಂದಳು.

ನಾನು ಕ್ಲಬ್ಬಿನ ಅಧ್ಯಕ್ಷರಿಗೆ ಫೋನ್ ಮಾಡಿದೆ. ಪಂಜಾಬಿ, ಹಾರ್ಡ್‌ವೇರ್ ಅಂಗಡಿಯವರು, ಪೆಟ್ಟಿಗೆಯವರ ಮನೆಯ ಹತ್ತಿರವೇ ವಾಸ. ಸುದ್ದಿ ಹೇಳಿ, ಪೆಟ್ಟಿಗೆಯವರ ವ್ಯಾನನ್ನೇ ತೆಗೆದುಕೊಂಡು ಹೋಗಿ ನೇತ್ರ ಬ್ಯಾಂಕಿನಿಂದ ಡಾಕ್ಟರರನ್ನು ಕರೆತನ್ನಿ ಎಂದೆ. ಆಟೋ ಹಿಡಿದು ಹೊರಟೆ. ಯಮುನಾ ಸೇತುವೆಯ ಮೇಲೆ ವಾಹನಗಳೆಲ್ಲ ಹೆಡ್‌ಲೈಟ್ ಹಾಕಿಕೊಂಡು ನಡಿಗೆಯ ವೇಗದಲ್ಲಿ ಸಾಗುತ್ತಿದ್ದವು. “ಬೇಗ ಹೋಗು ಭಯ್ಯಾ” ಎಂದರೆ ಆಟೋದವನು, “ಮಾತಾಜೀ, ರಸ್ತೆ ಕಂಡರೆ ತಾನೇ ಬೇಗ?” ಎಂದು ತಲೆ ಹೊರಗೆ ಹಾಕಿ ದಾರಿ ಹುಡುಕುತ್ತಿದ್ದ.

ದಾರಿಯಲ್ಲಿ ನಾನು ಕೆಲಸದ ಬಗ್ಗೆ ಮಾತ್ರ ಯೋಚಿಸಿದೆ. ಪೆಟ್ಟಿಗೆಯವರು ನೇತ್ರದಾನದ ಪ್ರತಿಜ್ಞಾ ಕಾರ್ಡಿಗೆ ಸಹಿ ಹಾಕಿದ್ದರು. ಅದು ಎಲ್ಲರಿಗೂ ತಿಳಿದ ಸಂಗತಿ. ಸಭೆಗಳಲ್ಲಿ ಅದನ್ನು ಜೇಬಿನಿಂದ ತೆಗೆದು ತೋರಿಸುತ್ತಿದ್ದರು. ಆದರೆ ಕಾರ್ಡಿದ್ದರೂ ಮನೆಯವರ ಒಪ್ಪಿಗೆ ಇಲ್ಲದೆ ನಮ್ಮ ಡಾಕ್ಟರರು ಕೈ ಹಚ್ಚುತ್ತಿರಲಿಲ್ಲ. ಮಗಳು ಚಂಡೀಗಢದಲ್ಲಿ ಓದುತ್ತಿದ್ದಳು. ಅಪ್ಪನಿಗೆ ಹುಷಾರಿಲ್ಲ ಎಂದಷ್ಟೇ ಫೋನಿನಲ್ಲಿ ಹೇಳಿ, ಬಸ್ಸು ಹತ್ತಿ ಬರುವಂತೆ ನೆರೆಯವರು ತಿಳಿಸಿದ್ದರು. ಹಾಗಾಗಿ ಕೇಳಬೇಕಾದದ್ದು ಹೆಂಡತಿಯನ್ನು. ಕೇಳುವವಳು ನಾನು.

ಮೊದಲ ಮಹಡಿಯ ಮನೆ. ಬಾಗಿಲು ತೆರೆದಿತ್ತು. ನೆರೆಯ ಹೆಂಗಸರು ಮೂವರು ಗೋಡೆಗೆ ಒರಗಿ ನಿಂತಿದ್ದವರು ನನ್ನನ್ನು ಕಂಡೊಡನೆ ಒಬ್ಬರನ್ನೊಬ್ಬರು ನೋಡಿಕೊಂಡು ಬದಿಗೆ ಸರಿದರು. ಆ ಬಡಾವಣೆಯಲ್ಲಿ ಸಾವಿನ ಮನೆಗೆ ನಾನು ಯಾಕೆ ಬರುತ್ತೇನೆಂದು ತಿಳಿಯದವರಿರಲಿಲ್ಲ.

ಅವರನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು. ತಲೆಯ ಬಳಿ ದೀಪ. ಹೀಟರ್ ಆರಿತ್ತು, ತಲೆಯ ಕೆಳಗೆ ದಿಂಬಿತ್ತು, ರೆಪ್ಪೆಗಳ ಮೇಲೆ ಒದ್ದೆ ಹತ್ತಿಯಿತ್ತು. ನಾನು ಹೇಳಿದ್ದನ್ನೆಲ್ಲ ಅವಳು ಮಾಡಿದ್ದಳು. ಆ ಕೊರೆಯುವ ಚಳಿಯಲ್ಲಿ ಬರಿಯ ಸೀರೆಯಲ್ಲಿ ಕೂತಿದ್ದಳು. ಒಳಗಿಂದ ಶಾಲು ತಂದು ಹೊದಿಸಿದೆ. ಹತ್ತಿಯನ್ನು ತೆಗೆದು ಹೊಸದಾಗಿ ಅದ್ದಿ ಇಟ್ಟೆ. ಆಮೇಲೆ ಅವಳ ಎದುರಿಗೆ ಕೂತು, ಎಲ್ಲ ಮನೆಗಳಲ್ಲೂ ಕೇಳುವ ಮಾತನ್ನೇ ಕನ್ನಡದಲ್ಲಿ ಕೇಳಿದೆ.

“ಇವರ ಕಣ್ಣುಗಳನ್ನ ಕೊಡೋದಕ್ಕೆ ನಿನ್ನ ಒಪ್ಪಿಗೆ ಇದೆಯಾ, ತಾಯಿ?”

ಅವಳು ನನ್ನ ಮುಖವನ್ನೇ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ನನ್ನ ಕೈ ಹಿಡಿದುಕೊಂಡು “ಬೇಡ ಅಕ್ಕಾ” ಎಂದಳು.

“ಆಗಲಿ,” ಎಂದೆ. ಅವಳ ಪಕ್ಕಕ್ಕೆ ಸರಿದು ಕೂತೆ. ಅವಳು ಕೈ ಬಿಡಲಿಲ್ಲ.

ಸ್ವಲ್ಪ ಹೊತ್ತಿಗೆ ಕೆಳಗೆ ವ್ಯಾನ್ ಬಂದು ನಿಂತ ಸದ್ದಾಯಿತು. ಆ ಎಂಜಿನ್ನಿನ ಸದ್ದು ಇಬ್ಬರಿಗೂ ಗೊತ್ತಿತ್ತು. ಅವಳು ಬಾಗಿಲ ಕಡೆ ತಿರುಗಿದಳು. ನಾನು ಎದ್ದು ಮೆಟ್ಟಿಲಿಗೆ ಹೋದೆ. ಅಧ್ಯಕ್ಷರು ಏದುಸಿರು ಬಿಡುತ್ತ ಹತ್ತಿ ಬರುತ್ತಿದ್ದರು.

“ಪೆಟ್ಟಿಗೆ ತರಲಾ, ದೀದಿ?”

“ಬೇಡ. ಇಲ್ಲ ಅಂದಳು.”

“ಇಲ್ಲ ಅಂದರೇನು? ಅವಳಿಗೆ ಈಗ ಏನು ತಿಳಿಯುತ್ತೆ? ಇನ್ನೊಂದು ಸಲ ಕೇಳಿ.”

“ಕೇಳೋ ಹಾಗಿಲ್ಲ.”

“ಅರೇ, ಅವನ ಕಾರ್ಡಿದೆ! ನೂರು ಮನೆಯ ಮೆಟ್ಟಿಲು ಹತ್ತಿದವನು. ಅವನ ಕಣ್ಣೇ ಸುಟ್ಟುಹೋಗಬೇಕಾ?” ಅವರು ದನಿ ಏರಿಸಿದರು, ಆಮೇಲೆ ಬಾಗಿಲ ಕಡೆ ನೋಡಿ ತಗ್ಗಿಸಿದರು. “ಊಟಕ್ಕೆ ಕೂತಾಗ ಅವನೇ ಹೇಳ್ತಿರಲಿಲ್ಲವಾ, ಇವಳಿಗೆ ಎರಡು ಸಲ ಕೇಳಬೇಕು ಅಂತ? ನೀವೂ ಕೇಳಿದ್ದೀರಿ, ನಾನೂ ಕೇಳಿದ್ದೀನಿ.”

ಅದು ನನ್ನ ತಲೆಯಲ್ಲೂ ಆಗಲೇ ಸುತ್ತುತ್ತಿತ್ತು. ನಾನು ಮೆಟ್ಟಿಲ ಕಂಬಿ ಹಿಡಿದು ನಿಂತೆ. ಕೆಳಗೆ ವ್ಯಾನಿನ ಬಾಗಿಲು ತೆರೆದಿತ್ತು. ಪೆಟ್ಟಿಗೆ ಹಿಂದಿನ ಸೀಟಿನಲ್ಲಿ ಓರೆಯಾಗಿ ಬಿದ್ದಿತ್ತು, ಡಾಕ್ಟರರು ಕೈ ಉಜ್ಜಿಕೊಳ್ಳುತ್ತ ಮೇಲೆ ನೋಡುತ್ತಿದ್ದರು. ಇನ್ನೂ ಸಮಯವಿತ್ತು. ಮತ್ತೊಮ್ಮೆ ಕೇಳಿದರೆ ಹೂಂ ಎನ್ನುತ್ತಾಳೆಂದು ನನಗೂ ಅನಿಸುತ್ತಿತ್ತು. ಆದರೆ ರೋಹಿಣಿಯ ಆ ಮನೆಯ ಮಗನೂ ಎರಡನೇ ಸಲಕ್ಕೆ ಹೂಂ ಎಂದಿದ್ದರು. ಆ ಮನೆಯವರಿಗೆ ನಾವು ಪರಕೀಯರು, ಅಲ್ಲಿ ತಪ್ಪು. ಇಲ್ಲಿ ಸ್ನೇಹಿತರು, ಇಲ್ಲಿ ಸರಿ ಎನ್ನುವುದಾದರೆ ಅದು ನಿಯಮವೇ ಅಲ್ಲ. ನಿಯಮ ಮಾಡಿದವರು ಈಗ ಬಾಯಿ ತೆರೆಯಲಾರರು. ಕಣ್ಣು ಕೊಡುವ ಆಸೆಯೂ ಅವರದು, ನಿಯಮವೂ ಅವರದೇ. ಎರಡರಲ್ಲಿ ಒಂದನ್ನು ಬಿಡಬೇಕಿತ್ತು.

“ಮಗಳಿಗೆ ಫೋನ್ ಹಚ್ಚೋಣ,” ಎಂದರು ಅಧ್ಯಕ್ಷರು ಕೊನೆಯದಾಗಿ.

“ಬಸ್ಸಿನಲ್ಲಿ ಒಬ್ಬಳೇ ಇದ್ದಾಳೆ. ಅಪ್ಪ ಇಲ್ಲ ಅನ್ನೋದನ್ನ ಮೊದಲು ಹೇಳಿ, ಅದೇ ಉಸಿರಿಗೆ ಕಣ್ಣು ಕೇಳ್ತೀರಾ? ತಾಯಿಯನ್ನ ದಾಟಿ?”

ಅವರು ತಲೆ ತಗ್ಗಿಸಿದರು. ಆದರೂ ವ್ಯಾನನ್ನು ಕೂಡಲೇ ಕಳಿಸಲು ನಮ್ಮಿಬ್ಬರಿಗೂ ಮನಸ್ಸಾಗಲಿಲ್ಲ. ಅವಳಾಗಿಯೇ ಏನಾದರೂ ಹೇಳಿದರೆ ಎಂದು ಸಮಯ ಇರುವಷ್ಟು ಹೊತ್ತು ಕಾಯೋಣ ಎಂದೆ. ಡಾಕ್ಟರರು ವ್ಯಾನಿನಲ್ಲೇ ಕೂತರು, ಯಾರೋ ಅವರಿಗೆ ಚಹಾ ಕೊಟ್ಟರು. ನಾನು ಒಳಗೆ ಹೋಗಿ ಮತ್ತೆ ಅವಳ ಪಕ್ಕದಲ್ಲಿ ಕೂತೆ. ಅವಳು ಮತ್ತೆ ಕೈ ಹಿಡಿದುಕೊಂಡಳು. ಬಿಡುವಿದ್ದ ಕೈಯಿಂದ ನಾನು ಹತ್ತಿ ಒಣಗದಂತೆ ಹನಿಹನಿ ನೀರು ಬಿಡುತ್ತಿದ್ದೆ. ಅವಳು ಅದನ್ನು ನೋಡುತ್ತಿದ್ದಳು. ಬಾಲ್ಕನಿಯಾಚೆ ಮಂಜು ನಿಧಾನವಾಗಿ ಬಿಳಿಚಿ, ಬಿಸಿಲಿನ ಸುಳಿವು ಕಂಡಿತು.

ಡಾಕ್ಟರರು ಮೆಟ್ಟಿಲ ತುದಿಗೆ ಬಂದು ತಲೆಯಾಡಿಸಿದರು. ಇನ್ನು ಪ್ರಯೋಜನವಿಲ್ಲ ಎಂದರ್ಥ. ನಾನು ಹತ್ತಿಯನ್ನು ತೆಗೆದೆ. ರೆಪ್ಪೆಗಳ ಮೇಲಿದ್ದ ನೀರನ್ನು ನನ್ನ ಸೆರಗಿನಿಂದ ಒರೆಸಿದೆ. ವ್ಯಾನ್ ಹೊರಟ ಸದ್ದು ಕೇಳಿಸಿತು. ಅಷ್ಟು ವರ್ಷಗಳಲ್ಲಿ ಎಷ್ಟೋ ಮುಖಗಳನ್ನು ಒರೆಸಿದ್ದೆ. ಆ ಮುಖವನ್ನು ನೀರು ಆರಿದ ಮೇಲೂ ಒರೆಸುತ್ತಲೇ ಇದ್ದೆ.

ಮಗಳ ಬಸ್ಸು ಪಾಣಿಪತ್ತಿನ ಬಳಿ ಮಂಜಿನಲ್ಲಿ ಸಿಕ್ಕಿಕೊಂಡು ಮಧ್ಯಾಹ್ನ ದಾಟಿದ ಮೇಲೆ ತಲುಪಿತು. ಅವಳು ಬ್ಯಾಗನ್ನು ಬಾಗಿಲಲ್ಲೇ ಬಿಟ್ಟು ಅಪ್ಪನ ಎದೆಯ ಮೇಲೆ ಬಿದ್ದಳು. ಬಹಳ ಹೊತ್ತಿನ ಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು.

“ಆಂಟಿ, ಅಪ್ಪನ ಕಣ್ಣು... ತಗೊಂಡ್ರಲ್ವಾ?”

ನಾನು ಇಲ್ಲವೆಂದು ತಲೆಯಾಡಿಸಿದೆ.

“ಕ್ಯೂಂ? ಎಲ್ಲರದ್ದೂ ತಗೋತೀರ. ನಮ್ಮ ಅಪ್ಪಂದು ಯಾಕೆ ಬಿಟ್ರಿ? ಹೀ ವಾಂಟೆಡ್ ಇಟ್, ಆಂಟಿ! ನಿಮಗೆ ಗೊತ್ತಿತ್ತು!”

ಅವಳ ತಾಯಿ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದಳು. ನಿನ್ನಮ್ಮ ಬೇಡ ಎಂದಳು ಎಂದು ನಾನು ಹೇಳಬಹುದಿತ್ತು. “ಆಗಲಿಲ್ಲಮ್ಮ,” ಎಂದೆ. ಅಂತ್ಯಕ್ರಿಯೆ ಅಂದೇ ಸಂಜೆಗೆ ಮುಗಿಯಿತು.

ಮುಂದಿನ ಸಭೆಯಲ್ಲಿ ಅಧ್ಯಕ್ಷರು ಗಂಟೆ ಬಾರಿಸಿ ಮೌನ ಆಚರಿಸಿದ ಮೇಲೆ ಒಬ್ಬ ಸದಸ್ಯರು, ಪ್ರತಿಜ್ಞೆ ಮಾಡಿದವರ ಮನೆಯಲ್ಲಿ ಎರಡನೇ ಸಲ ಕೇಳಬಹುದೆಂದು ನಿಯಮ ಬದಲಿಸೋಣ ಎಂದರು. ನಾನು ಎದ್ದು ವಿರೋಧಿಸಿದೆ. ನಿಯಮ ಹಾಗೆಯೇ ಉಳಿಯಿತು. ಆ ದಿನ ಊಟಕ್ಕೆ ಅಂಗಡಿಯಿಂದ ಛೋಲೆ ತರಿಸಿದ್ದರು. ಎಲ್ಲರೂ ಬೇಗ ಮನೆಗೆ ಹೋದರು.

ಕ್ವಾರ್ಟರ್ಸನ್ನು ಖಾಲಿ ಮಾಡಬೇಕಾಗಿ ಬಂದದ್ದು ಬೇಸಿಗೆಯಲ್ಲಿ. ತಾಯಿ ದಾವಣಗೆರೆಯ ತಮ್ಮನ ಮನೆಗೆ, ಮಗಳು ಹಾಸ್ಟೆಲಿಗೆ. ಸಾಮಾನು ಕಟ್ಟಲು ನಾನು ಹೋದೆ. ಆ ತನಕ ನಾನು ಆಗಾಗ ಹೋಗುತ್ತಲೇ ಇದ್ದೆ, ಅವಳು ಚಹಾ ಮಾಡಿ ಕೊಡುತ್ತಲೇ ಇದ್ದಳು. ಆ ಬೆಳಗಿನ ಮಾತು ಮಾತ್ರ ನಮ್ಮ ನಡುವೆ ಬಂದಿರಲಿಲ್ಲ. ನಾನು ಪಾತ್ರೆಗಳನ್ನು ಅಳತೆಯ ಪ್ರಕಾರ ಒಂದರೊಳಗೊಂದು ಜೋಡಿಸಿ ಹಳೆಯ ಪತ್ರಿಕೆ ತುರುಕುತ್ತಿದ್ದೆ. ಅವಳು ಬಿಸಿಬೇಳೆಭಾತಿನ ದೊಡ್ಡ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

“ಅಕ್ಕಾ, ಅವತ್ತು ನಾನು ಬೇಡ ಅಂದಿದ್ದು ಯಾಕೆ ಅಂತ ನೀವು ಕೇಳಲೇ ಇಲ್ಲ.”

“ಕೇಳೋ ಪದ್ಧತಿ ಇಲ್ಲ ನಮ್ಮಲ್ಲಿ.”

“ಗೊತ್ತು. ಇವರು ಪ್ರತಿ ಮನೆಯಿಂದ ಬಂದ ಮೇಲೆ ಹೇಳ್ತಿದ್ದರು. ಹೂಂ ಅಂದ ಮನೇಲಿ ಮೇಡಂ ಎಷ್ಟು ಚುರುಕು, ಮಾತಿಲ್ಲ ಕತೆಯಿಲ್ಲ, ಕೆಲಸ ಮುಗಿಸಿ ಹೊರಟೇಬಿಟ್ವಿ ಅಂತ. ಬೇಡ ಅಂದ ಮನೇಲಿ ಕೂತಿದ್ದು ಬರ್ತಾರೆ ಅಂತ.” ಅವಳು ಪಾತ್ರೆಯ ಅಂಚನ್ನು ಒರೆಸಿದಳು. “ನಾನು ಬನ್ನಿ ಅಂದೆ, ನೀವು ಹೀಟರ್ ಆರಿಸು ಅಂದಿರಿ. ಮನೆ ತುಂಬ ಜನ, ಒಬ್ಬರಿಗೂ ಕನ್ನಡ ಬರಲ್ಲ. ನಾನು ಹೂಂ ಅಂದಿದ್ದರೆ ನೀವು ಎದ್ದು ಕೆಲಸಕ್ಕೆ ಹೋಗ್ತಿದ್ದಿರಿ. ನನ್ನ ಹತ್ತಿರ ಯಾರು ಕೂತಿರ್ತಿದ್ದರು, ಅಕ್ಕಾ?”

ನನ್ನ ಕೈಯಲ್ಲಿ ಪತ್ರಿಕೆಯ ಹಾಳೆ ಇತ್ತು.

“ಆಮೇಲೆ ಹೂಂ ಅನ್ನೋಣ, ಅಕ್ಕ ಇನ್ನೊಂದು ಸ್ವಲ್ಪ ಕೂರಲಿ, ಆಮೇಲೆ ಹೇಳೋಣ ಅಂತಲೇ ಇದ್ದೆ. ವ್ಯಾನ್ ಹೊರಟುಹೋಯ್ತು.”

ಅವಳು ಅಳಲಿಲ್ಲ. ಮಗಳಿಗೆ ಹೇಳಿದ್ದೀಯಾ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಆಗಲೇ ನನ್ನ ಮೊಬೈಲ್ ಹೊಡೆದುಕೊಂಡಿತು. ನೋಯ್ಡಾದ ಒಂದು ಅಪಾರ್ಟ್‌ಮೆಂಟ್ ಸೊಸೈಟಿಯ ಕಾರ್ಯದರ್ಶಿ. ಅಲ್ಲಿಯ ಒಬ್ಬ ಹಿರಿಯ ಹೆಂಗಸು ತೀರಿಕೊಂಡಿದ್ದರು, ಗಂಡ ಒಬ್ಬರೇ ಇದ್ದಾರೆ ಎಂದರು. ನಾನು ಅವಳನ್ನು ನೋಡಿದೆ.

“ಹೋಗಿ ಅಕ್ಕಾ,” ಎಂದಳು. “ಫ್ಯಾನ್ ಆರಿಸೋಕೆ ಹೇಳಿ ಮೊದಲು.”

ನಾನು ಹೇಳಿದೆ, ಕ್ರಮವಾಗಿ. ಹೊರಡುವಾಗ ಅವಳು ಬಾಗಿಲ ತನಕ ಬಂದಳು. ಅವಳ ರೈಲು ಆ ಸಂಜೆ. ನಾನು ಮತ್ತೆ ಅವಳನ್ನು ನೋಡಲಿಲ್ಲ.

ನೋಯ್ಡಾದ ಮನೆಯಲ್ಲಿ ಫ್ಯಾನ್ ಆರಿಸಿದ್ದ ಕೋಣೆ ಒಲೆಯಂತಿತ್ತು. ಆ ಮುದುಕರು ಹೆಂಡತಿಯ ಮಂಚದ ಬದಿಯ ಸ್ಟೂಲಿನ ಮೇಲೆ, ಬೆವರಿನಲ್ಲಿ ತೊಯ್ದು ಕೂತಿದ್ದರು. ಒಂದು ಸಲ ಕೇಳಿದೆ. “ಲೇ ಲೀಜಿಯೇ” ಎಂದರು, ತೆಗೆದುಕೊಳ್ಳಿ ಎಂದು. ಈಗ ಪೆಟ್ಟಿಗೆಯ ಕೆಲಸ ವಹಿಸಿಕೊಂಡಿದ್ದ ಅಧ್ಯಕ್ಷರು ಸೊಸೈಟಿಯವರನ್ನು ಸಾಕ್ಷಿಗೆ ಕರೆದು ಸಹಿ ಹಾಕಿಸಿದರು, ಪೆಟ್ಟಿಗೆ ಮೇಲೆ ಬಂತು, ಡಾಕ್ಟರರು ಕೈಗವಸು ಹಾಕಿಕೊಂಡು ನನ್ನ ಕಡೆ ನೋಡಿದರು. ನಾನು ಟಾರ್ಚನ್ನು ಅಧ್ಯಕ್ಷರ ಕೈಗೆ ಕೊಟ್ಟೆ. ಹೇಗೆ ಹಿಡಿಯಬೇಕೆಂದು ತೋರಿಸಿದೆ. ಮುದುಕರನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಿ, ದಿವಾನದ ಮೇಲೆ ಕೂರಿಸಿ, ಬಾಗಿಲು ಮುಂದೆ ಮಾಡಿ, ಅವರ ಪಕ್ಕದಲ್ಲಿ ಕೂತೆ.

ಒಳಗಿಂದ ಡಾಕ್ಟರರ ತಗ್ಗಿದ ದನಿ ಕೇಳುತ್ತಿತ್ತು. ಬೆಳಕು ಸ್ವಲ್ಪ ಎಡಕ್ಕೆ, ಇನ್ನೂ ಸ್ವಲ್ಪ. ಅಧ್ಯಕ್ಷರಿಗೆ ಟಾರ್ಚ್ ಹಿಡಿಯಲು ಬರುತ್ತಿಲ್ಲವೆಂದು ಗೊತ್ತಾದರೂ ನಾನು ಏಳಲಿಲ್ಲ. ಮುದುಕರು ಆ ಬಾಗಿಲನ್ನೇ ನೋಡುತ್ತಿದ್ದರು. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ, ಮೊದಲು ಮಡಿಲಲ್ಲಿಟ್ಟುಕೊಂಡೆ. ಆಮೇಲೆ ಒಂದನ್ನು ದಿವಾನದ ಮೇಲೆ, ಇಬ್ಬರ ನಡುವೆ, ಅಂಗೈ ಮೇಲೆ ಮಾಡಿ ಇಟ್ಟೆ.